ಸೊಸೆಯ ಕ್ಯಾರಿಯರ್

ವಾಚ್‌ಮನ್ ಮುರುಗೇಶನ್ ಬೆರಳು ನೆಕ್ಕುತ್ತಿದ್ದ. ಅವನ ಮುಂದೆ ಮುಚ್ಚಳ ತೆರೆದು ಕೂತಿದ್ದ ಸ್ಟೀಲ್ ಕ್ಯಾರಿಯರ್ ತಮ್ಮ ಮನೆಯದೇ ಎಂದು ಗುರುತಿಸಲು ಚಂದ್ರಮತಿಗೆ ಕನ್ನಡಕವೂ ಬೇಕಾಗಲಿಲ್ಲ.

"ಎಂತ ಮುರುಗೇಶಾ ಇದು?"

"ಅಶ್ವಿತಾ ಅಕ್ಕಾ ಕುಡುತ್ತಾಂಗಮ್ಮಾ. ಡೈಲಿ ಕುಡುಪ್ಪಾಂಗ."

ಸೊಸೆ ಕೊಟ್ಟದ್ದಂತೆ. ದಿನಾ ಕೊಡುತ್ತಾಳಂತೆ. ಚಂದ್ರಮತಿ ಅವನ ಹೊಟ್ಟೆ ನೋಡಿದಳು. ಅಶ್ವಿತಾ ಬಸುರಿಯಾದ ಮೇಲೆ ಇವನ ಹೊಟ್ಟೆಯೂ ಮುಂದೆ ಬರುತ್ತಿರುವುದನ್ನು ಅವಳು ಗಮನಿಸಿದ್ದಳು. ಕಾರಣ ಈಗ ತಿಳಿಯಿತು.

ಮದ್ರಾಸಿನ ಕೋಡಂಬಾಕ್ಕಂನಲ್ಲಿ ಅವಳ ಗಂಡ ರಘುರಾಮರ ಸಸ್ಯಾಹಾರಿ ಹೋಟೆಲ್ ಎಂದರೆ ಹಳೆಯ ಹೆಸರು. ಹೋಟೆಲಿನವರ ಮನೆಯಲ್ಲಿ ಒಲೆ ಉರಿಯುವುದು ಕಾಫಿಗೆ ಮಾತ್ರ. ಚಂದ್ರಮತಿಯೂ ಮದುವೆಯಾದಾಗಿನಿಂದ ಪಕ್ಕದ ಬೀದಿಯ ಹೋಟೆಲಿನಿಂದ ಬಂದದ್ದನ್ನು ಉಂಡೇ ಮಗ ಸೂರಜನನ್ನು ಹೆತ್ತವಳು. ಹಾಗಾಗಿ ಡಾಕ್ಟರ್ ಜಯಲಕ್ಷ್ಮೀ ಕನ್ನಡಕದ ಮೇಲಿನಿಂದ ನೋಡುತ್ತ, ಸೊಸೆಗೆ ರಕ್ತ ಕಡಿಮೆ, ಮಗುವಿನ ತೂಕ ಸಾಲದು, ಸೊಪ್ಪು-ಬೇಳೆ ಚೆನ್ನಾಗಿ ಕೊಡಿ, ಆಗಷ್ಟೇ ಬೇಯಿಸಿದ್ದು ಕೊಡಿ, ಉಳಿದದ್ದು ಹಳಸಿದ್ದು ಬೇಡ, ಹೊರಗಿನ ಅಡುಗೆಮನೆಯನ್ನು ನಂಬಬೇಡಿ ಎಂದಾಗ ಅವಳು ಎದೆಯುಬ್ಬಿಸಿದ್ದಳು.

"ನಮ್ಮದೇ ಹೋಟ್ಲುಂಟಲ್ಲ ಡಾಕ್ಟ್ರೇ, ಇನ್ನೆಂತ ಹೆದರಿಕೆ?"

ರಘುರಾಮರು ಫ್ಯಾನ್ ನೋಡುತ್ತ ಹೂಂಗುಟ್ಟಿದ್ದರು.

ಮರುದಿನದಿಂದ ಅವರೇ ಕ್ಯಾರಿಯರ್ ತರತೊಡಗಿದರು. ಹೋಟೆಲಿನ ಯಾವನನ್ನೂ ಅದರ ಹತ್ತಿರ ಬಿಡುತ್ತಿರಲಿಲ್ಲ. ನಡು ಮಧ್ಯಾಹ್ನದ ಬಿಸಿಲಲ್ಲಿ, ಸ್ಕೂಟರಿನಲ್ಲಿ, ಬೆವರು ಸುರಿಸುತ್ತ ಬರುತ್ತಿದ್ದರು. ಪಕ್ಕದ ಬೀದಿಯಿಂದ ಬರಲು ಸ್ಕೂಟರ್ ಯಾಕೆ ಎಂದರೆ ಬಿಸಿ ಆರಬಾರದು ಎನ್ನುತ್ತಿದ್ದರು. ತನ್ನ ಬಸಿರಿನಲ್ಲಿ ಒಂದು ಲೋಟ ನೀರು ತಂದುಕೊಡದ ಗಂಡಸು! ಚಂದ್ರಮತಿ ಕರಗಿಹೋದಳು. ಒಮ್ಮೆ ಕದ್ದು ಮುಚ್ಚಳ ತೆಗೆದು ತೊವ್ವೆಯ ರುಚಿ ನೋಡಿದಳು. ಅಂಥ ತೊವ್ವೆ ಅವಳ ಸಂಸಾರದಲ್ಲೇ ಬಂದಿರಲಿಲ್ಲ. ಮೊಮ್ಮಗುವಿನ ಮೇಲಿನ ಪ್ರೀತಿ ಸೌಟಿಗೂ ಇಳಿದಿದೆ ಎಂದುಕೊಂಡು ಕಣ್ಣೊರಸಿಕೊಂಡಳು.

ಹೋದ ವಾರದ ಸ್ಕ್ಯಾನಿನಲ್ಲಿ ಮಗುವಿನ ತೂಕ ಏರಿತ್ತು. ನಮ್ಮ ಕ್ಯಾರಿಯರಿನ ಮಹಿಮೆ ಎಂದು ಅವಳು ಉಡುಪಿಯವರೆಗೆ ಫೋನು ಮಾಡಿ ಹೇಳಿದ್ದಳು. ಆ ಕ್ಯಾರಿಯರ್ ವಾಚ್‌ಮನ್ ಹೊಟ್ಟೆ ಸೇರುತ್ತಿದ್ದರೆ ಸೊಸೆ ತಿನ್ನುತ್ತಿರುವುದೇನು? ಬೀಚಿನ ಬಜ್ಜಿಯೋ, ಯಾವ ನೀರಿನದೋ ಪಾನಿಪೂರಿಯೋ? ಅವಳಿಗೆ ನಿಜವಾಗಿ ಭಯವಾಯಿತು. ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದರೆ?

ಮರುದಿನ ಕಾದು ನೋಡಿದಳು. ಅಶ್ವಿತಾ ಕ್ಯಾರಿಯರಿನ ಮುಚ್ಚಳವನ್ನೂ ತೆರೆಯದೆ ಮುರುಗೇಶನ್ ಕೈಗಿತ್ತು, ಗೇಟಿನಾಚೆ ಆಟೋ ಹತ್ತಿದಳು. ಚಂದ್ರಮತಿ ಇನ್ನೊಂದು ಆಟೋ ಹತ್ತಿದಳು. ಮುಂದಿನ ಆಟೋ ನುಂಗಂಬಾಕ್ಕಂನಲ್ಲಿ ನಿಂತಿತು. ಎಲ್ಲಿ ನಿಂತಿತೆಂದು ತಿಳಿಯಲು ಚಂದ್ರಮತಿ ಬೋರ್ಡನ್ನು ಎರಡು ಸಲ ಓದಿದಳು.

ಅದು ತಮ್ಮ ಊರಿನ ಕಡೆಯವನೇ ಆದ ವಿಷ್ಣುಮೂರ್ತಿಯ ಹೋಟೆಲ್.

ಪಾನಿಪೂರಿಯಾಗಿದ್ದರೆ ಕ್ಷಮಿಸಬಹುದಿತ್ತು. ಊರಿನ ಕಡೆಯ ಹೋಟೆಲಿನವರಲ್ಲಿ ಒಂದು ಕಟ್ಟುಪಾಡಿದೆ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಬಹುದು, ಹೊಟ್ಟೆ ಬಿರಿಯುವಷ್ಟು ಉಣ್ಣಬಹುದು. ಆದರೆ ಒಬ್ಬರ ಹೋಟೆಲಿನಲ್ಲಿ ಇನ್ನೊಬ್ಬರು ಎಲೆಯ ಮುಂದೆ ಕೂರುವುದಿಲ್ಲ. ಕೂತರೆ, ನಮ್ಮಲ್ಲಿಯದು ತಿನ್ನುವ ಹಾಗಿಲ್ಲ ಎಂದು ಡಂಗುರ ಹೊಡೆದ ಹಾಗೆ. ಎಗ್ಮೋರ್ ಸ್ಟೇಷನ್ನಿನಲ್ಲಿ ರೈಲು ಎಷ್ಟು ತಡವಾದರೂ ಚಂದ್ರಮತಿ ಬೇರೆ ಹೋಟೆಲಿನ ಮೆಟ್ಟಿಲು ಹತ್ತಿದವಳಲ್ಲ.

ಇವತ್ತು ಹತ್ತಿದಳು. ಮೂಲೆಯ ಮೇಜಿನಲ್ಲಿ ಅಶ್ವಿತಾ ಪರೀಕ್ಷೆಗೆ ಕೂತವಳಂತೆ ತಲೆ ಬಗ್ಗಿಸಿ ಅನ್ನ, ಸೊಪ್ಪಿನ ಪಲ್ಯ ಉಣ್ಣುತ್ತಿದ್ದಳು.

"ಮಾವನ ಮರ್ಯಾದೆ ತೆಗೀಲಿಕ್ಕೆ ನಿನಗೆ ಬೇರೆ ಜಾಗ ಸಿಗ್ಲಿಲ್ವಾ?"

ಅಶ್ವಿತಾ ಬೆಚ್ಚಿದಳು, ಆದರೆ ತುತ್ತು ನುಂಗಿಯೇ ಮಾತಾಡಿದಳು. "ಸಾರಿ ಅತ್ತೆ. ನಮ್ಮ ಹೋಟೆಲ್ ಕಿಚನ್ ಒಳಗೆ ನೀವು ಯಾವತ್ತಾದ್ರೂ ಹೋಗಿದ್ದೀರಾ?"

ಚಂದ್ರಮತಿ ಹೋಗಿರಲಿಲ್ಲ. ಗಲ್ಲಾಪೆಟ್ಟಿಗೆಯ ಆಚೆಗೆ ಅವಳಿಗೆ ಕೆಲಸವಿರಲಿಲ್ಲ.

"ನಾನು ಹೋಗಿದ್ದೆ. ನಿನ್ನೆ ಸಾಂಬಾರ್ ಮೇಲೇನೇ ಇವತ್ತಿಂದು ಸುರೀತಾರೆ. ಚಟ್ನಿ ಪಾತ್ರೆ ಮೇಲೆ ಜಿರಳೆ ವಾಕಿಂಗ್. ಅವತ್ತು ಮನೆಗೆ ಬಂದು ವಾಂತಿ ಮಾಡಿದೆ. ನೀವೆಲ್ಲಾ ಗುಡ್ ನ್ಯೂಸ್ ಅಂತ ಸ್ವೀಟ್ ಹಂಚಿದ್ರಿ. ನ್ಯೂಸ್ ಆಮೇಲೆ ನಿಜಾನೇ ಆಯ್ತು ಅತ್ತೆ. ಬಟ್ ಆ ವಾಂತಿ ಚಟ್ನಿದು."

"ಹಾಗಾದ್ರೆ ಬಾಯಿಬಿಟ್ಟು ಹೇಳುದಲ್ವಾ?"

"ಎಪ್ಪಡಿ ಹೇಳೋದು ಅತ್ತೆ? ಮಾವ ಬಿಸಿಲಲ್ಲಿ ಅಷ್ಟು ಪ್ರೀತಿಯಿಂದ ತಗೊಂಡ್ಬರ್ತಾರೆ." ಅಶ್ವಿತಾಳ ಕಣ್ಣು ತುಂಬಿತು. "ಪಾಪುಗೆ ಏನಾದ್ರೂ ಆದ್ರೆ ಅಂತ ಭಯ. ಅವರ ಮುಖ ನೋಡಿದ್ರೆ ಅದಕ್ಕಿಂತ ಭಯ."

ಚಂದ್ರಮತಿಗೆ ಸೊಸೆಯ ಮೇಲೆ ಮರುಕ ಬಂದದ್ದು ನಿಜ. ಆದರೆ ಸುತ್ತಲಿನ ಮೇಜುಗಳು ಉಣ್ಣುವುದನ್ನು ನಿಲ್ಲಿಸಿದ್ದವು. ಕ್ಯಾಶ್ ಕೌಂಟರಿನಿಂದ ವಿಷ್ಣುಮೂರ್ತಿಯೂ ಎದ್ದು ಬರುತ್ತಿದ್ದ. ಮನೆತನದ ಮಾನ ಉಳಿಸಿಕೊಳ್ಳಬೇಕಿತ್ತು. ಅವಳು ಸೆರಗು ಬಿಗಿದು, ಇಡೀ ಹಾಲಿಗೆ ಕೇಳುವಂತೆ ಗಂಟಲೇರಿಸಿದಳು.

"ಎಲ್ಲೋ ಒಂದು ಜಿರಳೆ ಕಂಡದ್ದಕ್ಕೆ ಇಷ್ಟು ರಂಪವಾ? ಆ ಕ್ಯಾರಿಯರಿನ ಊಟ ಒಮ್ಮೆ ಬಾಯಿಗಿಟ್ಟು ನೋಡಿದ್ಯಾ ನೀನು? ನಾನು ನೋಡಿದ್ದೇನೆ. ಅಂಥ ತೊವ್ವೆ ಈ ಮದ್ರಾಸಲ್ಲಿ ಬೇರೆ ಯಾವನಾದ್ರೂ ಮಾಡ್ಲಿ, ನಾನು ಅವನ ಕಾಲಿಗೆ ಬೀಳ್ತೇನೆ!"

ವಿಷ್ಣುಮೂರ್ತಿ ಬಿಸಿನೀರಿನ ಲೋಟವನ್ನು ಅಶ್ವಿತಾಳ ಮುಂದಿಟ್ಟು, ಅವಳ ಹೊಟ್ಟೆಯನ್ನೂ ಚಂದ್ರಮತಿಯ ಮುಖವನ್ನೂ ಒಂದೊಂದು ಸಲ ನೋಡಿದ. ಅವನ ಮುಖ ಅರಳಿತು.

"ಓ, ಬಸುರಿ ಸೊಸೆ ಅಂದ್ರೆ ಇವ್ರೇಯಾ ಅಕ್ಕಾ? ರಘುರಾಮಣ್ಣ ದಿನಾ ಇಲ್ಲಿಂದ ತುಂಬ್ಸಿಕೊಂಡು ಹೋಗುವ ಕ್ಯಾರಿಯರ್ ಇವ್ರಿಗೆ ಸಾಕಾಗುದಿಲ್ವಾ?"