ಕೋವಿಗೆ ಕುಂಕುಮ

ಆಯುಧ ಪೂಜೆಗಿಟ್ಟ ಜೋಡಿನಳಿಗೆಯ ಕೋವಿಯ ಬಾಯಿಗೆ ಕುಂಕುಮ ಹಚ್ಚಿದ ಗೋದಾವರಿ, ಟ್ರಿಗರಿಗೂ ಒಂದು ಬೊಟ್ಟು ಒತ್ತಿದಳು. ಢಂ! ಮಾಡಿನ ಹೆಂಚು ಪುಡಿಪುಡಿಯಾಯಿತು.

ಪೊಲೀಸರು ಬಂದಾಗ ಗಂಡ ಶೀನ ಜಗಲಿಯಲ್ಲಿ ಕೋವಿ ನೆಟ್ಟಗೆ ನಿಲ್ಲಿಸಿ, ಅದರ ಬಾಯಿಗೆ ಗದ್ದ ಊರಿ ಕೂತಿದ್ದ. "ಹಂದಿ ಓಡ್ಸಿ ಬಂದವ ತೋಟೆ ತೆಗೂಕೆ ಮರ್ತೆ ಸಾರ್. ಒತ್ತಿದ್ದ್ ಇವ್ಳ್."

"ಯಾರ್ ಒತ್ತಿರೂ ಕೇಸ್ ಲೈಸೆನ್ಸ್ ಇದ್ದವ್ರ ಮೇಲೇ, ಶೀನಣ್ಣ," ಎಂದರು ಹವಾಲ್ದಾರರು.

ಗೋದಾವರಿಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚು. "ಅದ್ರೊಳ್ಗ್ ಎಂತ ಇತ್ತ್ ಸಾರ್? ಒಂಚೂರ್ ಬಿಚ್ಚಿ ತೋರ್ಸಿ, ಕಾಂಬ."

"ಈಗ ಎಂತದೂ ಇಲ್ಲ ಮಾರಾಯ್ತಿ," ಎಂದ ಶೀನ.

ಹವಾಲ್ದಾರರು ಕೋವಿ ತೆಗೆದುಕೊಂಡು ಬಿಚ್ಚಿದರು. ಒಂದು ನಳಿಗೆಯಲ್ಲಿ ಸುಟ್ಟ ತೋಟೆಯಿತ್ತು. ಪಕ್ಕದ್ದರಲ್ಲಿ ಇನ್ನೊಂದು, ಹಾರದೆ ಹಾಗೇ ಕೂತಿತ್ತು.

ಶೀನನ ಕೈ ಮೆಲ್ಲಗೆ ಗದ್ದ ಮುಟ್ಟಿತು. ಬೆರಳಿಗೆ ಕುಂಕುಮ ಅಂಟಿತು.