ಅಂಕಮ್ಮನಿಗೆ ಮೀಸಲು

"ನೀವೇ ಬರೆದ ಪ್ರೋಗ್ರಾಮ್ ಅಲ್ವೇನ್ರೀ? ಒಂದು ಪದ ಬದಲಾಯಿಸಿ, ಸಾಕು," ನರ್ಸ್ ಗುರುಸಿದ್ದಮ್ಮ ಮೂರನೇ ಸಲ ಹೇಳಿದರು.

ದಯಾನಂದ್ ಪರದೆಯಿಂದ ಕಣ್ಣು ಕೀಳಲಿಲ್ಲ. ತಿಪಟೂರಿನ ಆ ರಕ್ತನಿಧಿಯಲ್ಲಿ ಉಳಿದಿದ್ದದ್ದು ಓ ನೆಗೆಟಿವ್ ಒಂದೇ ಚೀಲ. ಪಕ್ಕದ ಆಸ್ಪತ್ರೆಯಲ್ಲಿ ಹೆರಿಗೆಯಾದ, ಅದೇ ಗುಂಪಿನ ರಕ್ತದ ಅವನ ತಂಗಿ ಜೀವಿತಾಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ತುಮಕೂರಿನಿಂದ ಬೇರೆ ಚೀಲ ಬರಲು ಎರಡು ಗಂಟೆ ಬೇಕು. ಪರದೆಯ ಮೇಲಿದ್ದದ್ದು ಇಷ್ಟೇ: ಮೀಸಲು, ಅಂಕಮ್ಮ, ದಂಡಿನಶಿವರ. ಫೋನ್ ನಂಬರಿನ ಜಾಗದಲ್ಲಿ ಬರೀ ಸೊನ್ನೆಗಳು.

ಮೀಸಲಾದದ್ದನ್ನು ರೋಗಿಯ ಕಡೆಯವರು ಒಪ್ಪದೆ ಯಾರೂ ಮುಟ್ಟುವಂತಿಲ್ಲ. ದೊಡ್ಡವರ ಒಂದು ಫೋನಿಗೆ ಬಡವರ ಚೀಲ ಮಾಯವಾಗುವುದನ್ನು ಕಂಡು ರೋಸಿಹೋಗಿ ಪ್ರೋಗ್ರಾಮಿಗೆ ಆ ಬೀಗವನ್ನು ಅವನೇ ಹಾಕಿದ್ದ. ಈಗ ತನ್ನ ತಂಗಿಗಾಗಿ ತಾನೇ ಮುರಿಯುವುದೇ? ಆ ಅಂಕಮ್ಮನೂ ಎಲ್ಲೋ ಹೀಗೇ ಮಲಗಿರಬೇಕು.

ವಿಚಾರಿಸೋಣವೆಂದರೆ ಗುಮಾಸ್ತ ನಂಜುಂಡಪ್ಪನವರು ಫೋನ್ ಎತ್ತುತ್ತಿಲ್ಲ. ಮೂವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದು ಬಂದ ಕೈ ಅದು. ಮೂರು ವಾರದ ಹಿಂದೆ ಪ್ರೋಗ್ರಾಮ್ ಶುರುವಾದಾಗ ಕಾಯಿ ಒಡೆದು, ಕೀಬೋರ್ಡಿಗೆ ಕುಂಕುಮವಿಟ್ಟು, ಮೊದಲ ನಮೂದು ಮಾಡಿ ಅಲ್ಲೇ ರದ್ದು ಮಾಡಿದ್ದರು. ದಯಾನಂದ್ ಆಗ ಮೇಜಿನಡಿ ವೈರು ಸಿಕ್ಕಿಸುತ್ತಿದ್ದ. ರದ್ದಾಗುವ ಮಧ್ಯದಲ್ಲೇ ಕಂಪ್ಯೂಟರ್ ಎರರ್ ತೋರಿಸಿತ್ತು. ಒಂದು ಕೆಲಸದ ಹೆಜ್ಜೆಗಳೆಲ್ಲ ಒಟ್ಟಿಗೆ ಮುಗಿಯಬೇಕು, ಇಲ್ಲವೇ ಒಂದೂ ಆಗಬಾರದು. ಅವಸರದಲ್ಲಿ ಅವನು ಚೀಲದ ಮೀಸಲು ಬಿಡಿಸುವ ಹೆಜ್ಜೆಯನ್ನು ಮಾತ್ರ ಪ್ರೋಗ್ರಾಮಿನಲ್ಲಿ ಬೇರೆಯಾಗಿ ಬರೆದಿದ್ದ. ಎರರ್ ಬಂದರೂ ನಮೂದು ಪಟ್ಟಿಯಿಂದ ಹೋಗಿತ್ತು. ಎಲ್ಲ ಸರಿಹೋಯಿತೆಂದು ಸುಮ್ಮನಾಗಿದ್ದ.

"ನಾನೇ ಹೋಗಿ ಕೇಳ್ಕೊಂಡು ಬತ್ತೀನಿ," ಎಂದು ಬೈಕ್ ಹತ್ತಿದ.

ದಂಡಿನಶಿವರ ಇನ್ನೆರಡು ಮೈಲಿ ಇದ್ದಾಗ ಗುರುಸಿದ್ದಮ್ಮನ ಫೋನ್ ಬಂತು.

"ಇನ್ನು ಯಾರನ್ನೂ ಕೇಳ್ಬೇಡಿ. ವಾಪಸ್ ಬನ್ನಿ."

ದಯಾನಂದ್ ಬೈಕ್ ನಿಲ್ಲಿಸಿ, ತೋಟದ ಬದುವಿನ ಮೇಲೆ ಕುಳಿತು ಬಿಕ್ಕಿಬಿಕ್ಕಿ ಅತ್ತ. ಹಿಂತಿರುಗಿ ತಾಯಿಗೆ ಯಾವ ಮುಖ ತೋರಿಸುವುದು? ಆ ಅಂಕಮ್ಮನಾದರೂ ಉಳಿಯಲಿ, ಒಮ್ಮೆ ನೋಡಿಯಾದರೂ ಹೋಗೋಣವೆಂದು ಎದ್ದ. ಹಿಡಿದುಕೊಳ್ಳಲು ಅವನಿಗೆ ಉಳಿದಿದ್ದದ್ದು ಅದೊಂದೇ.

ಊರ ಅಂಚಿನಲ್ಲಿ ತೆಂಗಿನ ಸೋಗೆ ಹೆಣೆಯುತ್ತಿದ್ದ ಬೋರಮ್ಮನೆಂಬ ಮುದುಕಿಯನ್ನು ಅಂಕಮ್ಮ ಎಲ್ಲಿ ಎಂದು ಕೇಳಿದ. ಅವಳು ಎದ್ದು ಮುಂದೆ ನಡೆದು, ತೋಟದೊಳಗಿನ ಒಂದು ಚಿಕ್ಕ ಬಾಗಿಲ ಮುಂದೆ ನಿಂತಳು.

"ಚಪ್ಪಲಿ ಇಲ್ಲೇ ಬುಡಪ್ಪ."

ಬಾಗಿಲು ತಳ್ಳಿದರೆ ಒಳಗಿದ್ದದ್ದು ಕುಂಕುಮ ಮೆತ್ತಿದ ಒಂದು ಕಲ್ಲು.

"ನಂಜುಂಡಪ್ಪನೋರ ಮನೆದೇವ್ರು ಕಣಪ್ಪ, ಅಂಕಮ್ಮ. ಹೊಸ ಲೆಕ್ಕದ ಪುಸ್ತಕ ತೆಗೆದ್ರೆ ಮೊದಲ್ನೇ ಸಾಲು ಈಯಮ್ಮನ ಹೆಸ್ರಲ್ಲೇ ಬರೀತಾರೆ, ಆಮೇಲೆ ಗೀಟೆಳೆದು ಹೊಡೆದಾಕ್ತಾರೆ."