ಶೆಡ್ಡಿನಲ್ಲಿ ಕಟ್ಟಿದ ಕಾರು

ಎರಡೂ ಕಾಲು ಕಳೆದುಕೊಂಡು ಆಸ್ಪತ್ರೆಯಿಂದ ಬಂದ ದಿನವೇ ರುದ್ರೇಶ ತನ್ನ ಹಳೆಯ ಸ್ಪೋರ್ಟ್ಸ್ ಕಾರನ್ನು ಗುಜರಿಗೆ ಹಾಕಿಬಿಡಿ ಎಂದಿದ್ದ. ತಂಗಿ ನಳಿನಾಕ್ಷಿ ಹಾಕಲಿಲ್ಲ. ರೇಸ್ ಟ್ರ್ಯಾಕಿನ ಗೋಡೆಗೆ ಬಡಿದು ನುಜ್ಜುಗುಜ್ಜಾಗಿದ್ದ ಅದನ್ನು ಹಿತ್ತಲಿನ ಶೆಡ್ಡಿಗೆ ತಂದು, ಬಾಗಿಲು ಹಾಕಿಕೊಂಡು ಎರಡು ವರ್ಷ ರಿಪೇರಿ ಮಾಡಿದಳು. ಹೊಸ ಎಂಜಿನ್ ಕೂರಿಸಿದಳು. ಅಣ್ಣನನ್ನು ಮಾತ್ರ ಒಳಗೆ ಬಿಡಲಿಲ್ಲ.

ಎಂಜಿನ್ ಗುಡುಗಿದಾಗಲೆಲ್ಲ ಅವನು ಗಾಲಿಕುರ್ಚಿಯನ್ನು ಹಜಾರದ ತುಂಬ ಅತ್ತಿಂದಿತ್ತ ಉರುಳಿಸುತ್ತಿದ್ದ. ರೇಸಿನ ಹುಚ್ಚು ತಂಗಿಗೂ ಹತ್ತಿತಲ್ಲ ಎಂಬ ಭಯ ಒಂದು ಕಡೆ, ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಹೊಟ್ಟೆಕಿಚ್ಚು ಇನ್ನೊಂದು ಕಡೆ.

ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸಬಹುದಾದ ಒಂದು ಭಾನುವಾರ, ಅವಳು ಅವನನ್ನೂ ಟ್ರ್ಯಾಕಿಗೆ ಕರೆದೊಯ್ದಳು. ಅವಳು ಹೆಲ್ಮೆಟ್ ಎತ್ತಿಕೊಂಡದ್ದೇ ತಡ, ಅವನು ಅವಳ ಮುಂಗೈ ಹಿಡಿದುಕೊಂಡ.

“ಬೇಡ ಕಣೇ. ಆ ಮೂರನೇ ತಿರುವು ಎಂಥದ್ದು ಅಂತ ನಿಂಗೊತ್ತಿಲ್ಲ. ನನ್ನೊಬ್ಬನ ಗತಿ ಸಾಲದಾ?”

“ಕೈ ಬಿಡು ಅಣ್ಣ.”

“ಅವ್ವನಿಗೆ ಏನಂತ ಹೇಳ್ಲಿ ನಾನು?”

“ಅವ್ವನಿಗೆ ಎಲ್ಲಾ ಗೊತ್ತು. ಅವಳೇ ಕಳಿಸಿದ್ದು.”

“ಹಾಗಾದ್ರೆ ಇಬ್ರೂ ಸೇರಿ, ಇಲ್ಲಿ ಕೂತು ನೋಡ್ಲಿ ಅಂತ ನನ್ನ ಕರ್ಕೊಂಡು ಬಂದ್ರಾ?”

ನಳಿನಾಕ್ಷಿ ಹೆಲ್ಮೆಟನ್ನು ಅವನ ಮಡಿಲಲ್ಲಿಟ್ಟು ಕಾರಿನ ಬಾಗಿಲು ತೆರೆದಳು. ಒಳಗೆ ಪೆಡಲುಗಳೇ ಇರಲಿಲ್ಲ. ಬ್ರೇಕೂ ಆಕ್ಸಿಲರೇಟರೂ ಸ್ಟೀರಿಂಗಿನ ಪಕ್ಕದಲ್ಲಿ, ಕೈಗೆ ಸಿಗುವ ಹಾಗಿದ್ದವು.